ರಂಪಣಿ ಎಳೆದ ಸಿಪಾಯಿಗಳಿಗೆ ಅಂಟು ಹುಡುಕಿದ್ದು

ನಲವತ್ತು ಜನ ಸಿಪಾಯಿಗಳು ತುಂಡು ತುಂಡಾಗಿ ನನ್ನ ಮೇಜಿನ ಮೇಲೆ ಬಂದು ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಮಳೆಗಾಲ ಮುಗಿಯುತ್ತಾ ಬಂದಿತ್ತು, ಆದರೆ ಮುಗಿದಿರಲಿಲ್ಲ. ಮಂಗಳೂರಿನಲ್ಲಿ ಆ ಕಾಲದ ಗಾಳಿಯನ್ನು ಹಿಂಡಿದರೆ ಒಂದು ಚೊಂಬು ನೀರು ಸಿಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಳ್ಳದೆ ಕೆಟ್ಟೆ.

ಅರವತ್ತರ ದಶಕದ ನಡುವಿನ ಮಾತು. ನಾನಾಗ ಮೀನುಗಾರಿಕೆಗೆ ಸಂಬಂಧಪಟ್ಟ ಒಂದು ಕಚೇರಿಯಲ್ಲಿ ನಕ್ಷೆ ಬರೆಯುವವನು, ಹಂಗಾಮಿ. ಮೂರು ತಿಂಗಳಿಗೊಮ್ಮೆ ನನ್ನನ್ನು ಮುಂದುವರಿಸಬೇಕೋ ಬೇಡವೋ ಎಂಬ ಗಹನವಾದ ಪ್ರಶ್ನೆಯನ್ನು ಸರ್ಕಾರ ಕೈಗೆತ್ತಿಕೊಳ್ಳುತ್ತಿತ್ತು. ನಮ್ಮ ಅಧಿಕಾರಿಗಳು ಸಿಪಾಯಿಗಳ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟು: "ಪ್ರದರ್ಶನಕ್ಕೆ ನಮ್ಮ ಕಚೇರಿಯಿಂದ ರಂಪಣಿಯ ಮಾದರಿ ಆಗ್ಬೇಕು. ದೊಡ್ಡ ಸಾಹೇಬರು ಬಂದು ನೋಡ್ತಾರೆ. ಇದು ಸರಿಯಾಗಿ ನಿಂತರೆ ನಿಮ್ಮನ್ನು ಕಾಯಂ ಮಾಡಲು ನಾನೇ ಬರೀತೇನೆ. ನಿಲ್ಲದಿದ್ದರೆ ಬರೆಯುವುದಕ್ಕೆ ನನ್ನ ಹತ್ತಿರ ಎಂತದೂ ಇಲ್ಲ."

ರಂಪಣಿ ನೋಡದವರಿಗೆ ಒಂದು ಮಾತು. ದೋಣಿಯಲ್ಲಿ ಹೋಗಿ ಕಡಲಿಗೆ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಅದರ ಎರಡು ತುದಿಯ ಹಗ್ಗಗಳನ್ನು ದಡದಲ್ಲಿ ಎರಡು ಸಾಲು ಜನ ನಿಂತು ಎಳೆಯುವುದು. ಅದಕ್ಕೆ ಜನ ಬೇಕು. ಮಣ್ಣಿನ ಗೊಂಬೆ ಮಾಡಿದರೆ ಭಾರ, ಮರದಲ್ಲಿ ಕೆತ್ತಿದರೆ ವರ್ಷ ಬೇಕು. ಕುದ್ರೋಳಿಯಲ್ಲಿ ಗುಂಡಿ, ಬಾಚಣಿಗೆ, ಪ್ಲಾಸ್ಟಿಕ್ ಬಳೆ ಮಾರುವ ಬ್ಯಾರಿ ಸಾಹೇಬರೊಬ್ಬರ ಅಂಗಡಿಯಲ್ಲಿ ಅವರ ತಮ್ಮ ಹಡಗಿನಲ್ಲಿ ತಂದ ಆಟಿಕೆಗಳಿದ್ದವು. ಎರಡೂವರೆ ಇಂಚಿನ ಪ್ಲಾಸ್ಟಿಕ್ ಸಿಪಾಯಿಗಳು. ತಲೆ, ಎದೆ, ಕಾಲು, ಎರಡು ಕೈ ಬೇರೆ ಬೇರೆ, ಬಂದೂಕು ಬೇರೆ. ಅಚ್ಚಿನ ಕಡ್ಡಿಗೆ ಹಣ್ಣಿನ ಹಾಗೆ ಜೋತುಬಿದ್ದಿರುತ್ತವೆ, ಕೊಯ್ದು ನಾವೇ ಅಂಟಿಸಿಕೊಳ್ಳಬೇಕು. ಬಂದೂಕು ಹಿಡಿಯುವ ಕೈ ಹಗ್ಗವನ್ನೂ ಹಿಡಿಯುತ್ತದೆ ಎಂಬುದು ನಮ್ಮ ಅಧಿಕಾರಿಗಳಿಗೆ ಹೊಳೆದದ್ದು. ಅಷ್ಟು ಮಟ್ಟಿಗೆ ಅವರು ದೊಡ್ಡವರೇ.

ಪ್ರತಿ ಪೆಟ್ಟಿಗೆಯಲ್ಲೂ ಅಂಟಿನ ಒಂದು ಸಣ್ಣ ಟ್ಯೂಬ್ ಇತ್ತು. ಅರಬ್ಬೀ ಸಮುದ್ರ ದಾಟುವುದರೊಳಗೆ ಎಲ್ಲವೂ ಕಲ್ಲಾಗಿದ್ದವು. ನಾನು ಒಂದನ್ನು ಹಿಡಿದುಕೊಂಡು ಕುದ್ರೋಳಿಗೆ ಹೋದೆ.

"ಸಾಹೇಬ್ರೇ, ಅಂಟು ಉಂಟು ಅಂದಿದ್ರಿ."

ಅವರು ಟ್ಯೂಬನ್ನು ಗಾಜಿನ ಮೇಲೆ ಕುಟ್ಟಿ ನೋಡಿದರು. ಟಕ್ ಟಕ್ ಎಂದಿತು. "ಉಂಟಲ್ಲ ಮಾಷ್ಟ್ರೇ, ಎಲ್ಲಿಗೆ ಹೋಗಿದೆ? ಒಳಗೇ ಉಂಟು. ಹೊರಗೆ ಬರುದಿಲ್ಲ, ಅಷ್ಟೇ."

ನಕ್ಷೆ ಬರೆಯುವವನನ್ನು ಊರಿಡೀ ಮಾಷ್ಟ್ರೇ ಎಂದು ಕರೆಯುತ್ತಿತ್ತು. ಶಾಲೆಯ ಮೇಷ್ಟರಿಗಾದರೂ ಬೇಸಗೆ ರಜೆ ಇರುತ್ತದೆ.

ಮೊದಲ ವಾರ ಸಿಪಾಯಿಗಳನ್ನು ಮೀನುಗಾರರನ್ನಾಗಿ ಮಾಡುವುದರಲ್ಲಿ ಹೋಯಿತು. ಬೂಟು ಕೆತ್ತಿ ಬರಿಗಾಲು ಮಾಡಿದೆ, ಕೋಟು ಹೆರೆದು ಬರಿಮೈ ಮಾಡಿದೆ. ಉಕ್ಕಿನ ಟೊಪ್ಪಿಯನ್ನು ಮಾತ್ರ ಮುಟ್ಟಲಿಲ್ಲ. ಸ್ವಲ್ಪ ಅಂಚು ತೆಗೆದರೆ ಅದು ನಮ್ಮ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆಯೇ ಆಗುತ್ತಿತ್ತು. ಯುದ್ಧಕ್ಕೆ ಹೊರಟವರನ್ನು ಬಂಗುಡೆ ಮೀನು ಹಿಡಿಯಲು ಹಚ್ಚಿದ ಪುಣ್ಯ ನನ್ನದು ಎಂದು ಆಗ ಅನ್ನಿಸಿತ್ತು. ಬೆರಳಿನಲ್ಲಿ ಬ್ಲೇಡಿನ ಗಾಯ ಏಳು.

ಇನ್ನು ಅಂಟಿಸಬೇಕು, ಆಮೇಲೆ ಬಣ್ಣ. ಆದರೆ ವಾರದ ಪ್ರಗತಿ ಪತ್ರ ಕಳಿಸಬೇಕಿತ್ತು. ಆ ಪತ್ರದಲ್ಲಿ 'ಬಣ್ಣ' ಎಂದು ಒಂದು ಅಂಕಣವಿತ್ತು, 'ಜೋಡಣೆ' ಎಂಬ ಅಂಕಣ ಇರಲಿಲ್ಲ. ಅಧಿಕಾರಿಗಳು "ಮೊದಲು ಬಣ್ಣ ಕೊಟ್ಟುಬಿಡಿ, ಅಂಟು ನಂತರ ಆಯ್ತು" ಎಂದರು. ತುಂಡುಗಳಿಗೇ ಬಣ್ಣ ಕೊಟ್ಟೆ, ಭುಜದ ಗುಳಿಗೂ ಸೇರಿಸಿ. 'ಬಣ್ಣ: ಪೂರ್ಣ' ಎಂದು ಬರೆದು ಪತ್ರ ಮೇಲಕ್ಕೆ ಹೋಯಿತು. ಇಡೀ ಕೆಲಸದಲ್ಲಿ ತಲೆಕೆಳಗಾಗಿ ಮಾಡಿದ್ದು ಇದೊಂದೇ. ಉಳಿದದ್ದೆಲ್ಲ ಅದರ ಬಡ್ಡಿ.

ಬಡಗಿಗಳು ಬಳಸುವ ಮರವಜ್ರ ಎಂಬ ಅಂಟು ತಂದೆ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಅದರ ವಾಸನೆಗೆ ಬೀದಿಯ ನಾಯಿಗಳು ಕಚೇರಿಯ ಮೆಟ್ಟಿಲ ಮೇಲೆ ಬಂದು ಗೌರವದಿಂದ ಕೂತವು. ತಲೆ, ಕಾಲು ಒತ್ತಿದರೆ ಗುಳಿಯಲ್ಲಿ ಬಿಗಿಯಾಗಿ ಕೂತವು, ಕೈಗಳನ್ನು ಅಂಟಿಸಿದೆ. ಎರಡು ಸಾಲು, ಸಾಲಿಗೆ ಇಪ್ಪತ್ತು ಜನ, ಪಾದಕ್ಕೆ ಮೊಳೆ ಕೊಟ್ಟು ಹಲಗೆಗೆ ನಿಲ್ಲಿಸಿ, ಮುಷ್ಟಿಯೊಳಗೆ ತೆಂಗಿನ ನಾರಿನ ಸಣ್ಣ ಹುರಿ ತೂರಿಸಿ, ಅದರ ತುದಿಯನ್ನು ನೀಲಿ ಬಳಿದ ಕಡಲಿನ ಅಡಿಯಲ್ಲಿ, ತಿರುಗಿಸಿದರೆ ಹುರಿ ಬಿಗಿಯುವ ಒಂದು ಬಿರಡೆಗೆ ಸುತ್ತಿದೆ. ಚೆನ್ನಾಗಿಯೇ ನಿಂತರು. ಸಂಜೆ ಬೀಗ ಹಾಕಿ ಹೋದೆ.

ಬೆಳಿಗ್ಗೆ ಬಂದು ನೋಡಿದರೆ ಹಗ್ಗ ತಂತಿಯ ಹಾಗೆ ಬಿಗಿದಿತ್ತು. ನಾರಿನ ಹುರಿ ತೇವ ಕುಡಿದರೆ ದಪ್ಪವಾಗಿ ಗಿಡ್ಡವಾಗುತ್ತದೆ. ಕಡಲ ಬದಿಯ ಊರಿನಲ್ಲಿ ಹುಟ್ಟಿದ ಮೂರು ವರ್ಷದ ಮಗುವಿಗೂ ಇದು ಗೊತ್ತು. ಮರವಜ್ರವೂ ತೇವ ಕುಡಿದಿತ್ತು, ಅದು ಮೆತ್ತಗಾಗಿತ್ತು. ನಲವತ್ತು ಜನರೂ ಶಿಸ್ತಿನಿಂದ ಹಿಂದಕ್ಕೆ ವಾಲಿಕೊಂಡು ನಿಂತಿದ್ದರು, ಕೈಗಳಿಲ್ಲದೆ. ಕೈಗಳೆಲ್ಲ ಹಗ್ಗದಲ್ಲಿ, ಒಣಗಲು ಹಾಕಿದ ಬಟ್ಟೆಯಂತೆ ಸಾಲಾಗಿ ನೇತಾಡುತ್ತಿದ್ದವು.

ಅದೇ ಹೊತ್ತಿಗೆ ರಂಪಣಿಯ ಗುರಿಕಾರರು ಬಂದರು. ಬೆಂಗ್ರೆಯ ಕಡೆಯ ಹಿರಿಯ ಮೊಗವೀರರು, ಒಂದು ರಂಪಣಿಯ ಯಜಮಾನಿಕೆ ಅವರದು. ಮಾದರಿ ಸರಿ ಉಂಟೋ ಎಂದು ನೋಡಲು ಅಧಿಕಾರಿಗಳೇ ಅವರನ್ನು ಕರೆಸಿದ್ದರು. ಅವರು ಬಗ್ಗಿ ಬಹಳ ಹೊತ್ತು ನೋಡಿದರು.

"ಎಂತ ಮಾಷ್ಟ್ರೇ, ಮೊಸಳೆ ಬಂದಿತ್ತಾ?"

ನಾನು ಅಂಟಿನ ವಿಷಯ ಹೇಳಿದೆ. ಅಧಿಕಾರಿಗಳು ನಡುವೆ ಬಾಯಿ ಹಾಕಿದರು. "ಹುರಿಯ ಬದಲು ತಂತಿ ಹಾಕಿ ಮಾರಾಯ್ರೆ. ತಂತಿ ತಾನೇ ನಿಲ್ಲುತ್ತದೆ, ಕೈ ಸುಮ್ಮನೆ ಮುಟ್ಟಿಕೊಂಡಿದ್ದರೆ ಸಾಕು. ಯಾರು ಎಳೆದು ನೋಡ್ತಾರೆ?"

"ನಾನು ನೋಡ್ತೇನೆ," ಎಂದರು ಗುರಿಕಾರರು. ಜಗಳದ ಸ್ವರವಲ್ಲ. ಇವತ್ತು ಮಳೆ ಬರ್ತದೆ ಎನ್ನುವ ಹಾಗೆ. "ಹಗ್ಗ ಕಂಡ್ರೆ ಎಲ್ರೂ ಒಮ್ಮೆ ಎಳೀತಾರೆ ಸಾರ್. ನಮ್ಮಲ್ಲಿ ದಾರಿಯಲ್ಲಿ ಹೋಗುವವನು ಬಂದು ಹಗ್ಗಕ್ಕೆ ಕೈ ಹಾಕಿದ್ರೂ ಅವನಿಗೆ ಮೀನಿನಲ್ಲಿ ಪಾಲು ಉಂಟು. ಸುಮ್ಮನೆ ಮುಟ್ಟಿಕೊಂಡು ನಿಂತವನಿಗೆ ಇಲ್ಲ."

ಹೋಗುವಾಗ ಅವರು ಸೊಂಟದ ಚೀಲದಿಂದ ಬೀಸುಬಲೆಯ ಸೀಸದ ಮಣಿಗಳನ್ನು ಒಂದು ಹಿಡಿ ತೆಗೆದು ಮೇಜಿನ ಮೇಲಿಟ್ಟರು. "ಇದನ್ನು ಕೈಗೆ ನೇತುಹಾಕಿ ನೋಡಿ. ನಾಲ್ಕು ಮಣಿ ತಡೆದ್ರೆ ಹಗ್ಗವನ್ನೂ ತಡೀತದೆ."

ಹೀಗೆ ಪರೀಕ್ಷೆ ಶುರುವಾಯಿತು. ಒಬ್ಬ ಸಿಪಾಯಿಯನ್ನು ಇಕ್ಕಳದಲ್ಲಿ ಅಡ್ಡಡ್ಡ ಮಲಗಿಸಿ, ಕೈ ಅಂಟಿಸಿ, ಒಂದು ದಿನ ಬಿಟ್ಟು, ಮಣಿ ಕಟ್ಟುವುದು.

ಮೈದಾ ಅಂಟು: ತನ್ನ ಭಾರವನ್ನೇ ತಡೆಯಲಿಲ್ಲ. ಉಳಿದದ್ದನ್ನು ಜಿರಳೆ ತಿಂದಿತು.

ಗೋಂದು ಒಂದು ಮಣಿ ತಡೆಯಿತು, ಅದೂ ಬಿಸಿಲಿದ್ದಾಗ.

ಹಲಸಿನ ಮೇಣವನ್ನು ಸೂಚಿಸಿದ್ದು ನನ್ನ ಹೆಂಡತಿ. ಅದು ಸಿಪಾಯಿಯನ್ನು ಬಿಟ್ಟು ಉಳಿದೆಲ್ಲಕ್ಕೂ ಅಂಟಿಕೊಂಡಿತು. ನನ್ನ ಕೈಗೆ, ಮೀಸೆಗೆ, ಕಚೇರಿಯ ರೂಲು ದೊಣ್ಣೆಗೆ. ಎರಡು ದಿನ ತೆಂಗಿನೆಣ್ಣೆ ತಿಕ್ಕಿದೆ.

ಕುದ್ರೋಳಿಯ ಸಾಹೇಬರ ಸಲಹೆ ಸೈಕಲ್ ಟ್ಯೂಬಿಗೆ ಹಾಕುವ ಸಲ್ಯೂಷನ್. ಅದು ಹಿಡಿಯಿತು! ನಾಲ್ಕು ಮಣಿ ಕಟ್ಟಿದೆ, ಬೀಳಲಿಲ್ಲ. ಸಂತೋಷದಿಂದ ಊಟಕ್ಕೆ ಹೋದೆ. ಮೂರು ಗಂಟೆಗೆ ಬಂದರೆ ಕೈ ರಬ್ಬರಿನಂತೆ ಮೆಲ್ಲಗೆ ಇಳಿದು, ಮೊಣಕಾಲು ದಾಟಿ, ಪಾದದ ಹತ್ತಿರ ಬಂದಿತ್ತು. ಹಗ್ಗ ಎಳೆಯುವವನಲ್ಲ, ಬಿದ್ದ ಬೀಡಿ ಹೆಕ್ಕುವವನು.

"ಹಾಗಾದ್ರೆ ಅಸಿಟೋನ್ ಹಾಕಿ," ಎಂದರು ಸಾಹೇಬರು. "ಕನ್ನಡಕದ ಮುರಿದ ಫ್ರೇಮನ್ನು ಅದರಲ್ಲೇ ಕೂಡಿಸುದು. ಒಂದು ಬಿಂದು, ಆಯ್ತು."

ಕನ್ನಡಕದ ಪ್ಲಾಸ್ಟಿಕ್ ಬೇರೆ ಜಾತಿ, ಸಿಪಾಯಿಯ ಪ್ಲಾಸ್ಟಿಕ್ ಬೇರೆ ಜಾತಿ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಹಾಕಿದ ಕಡೆ ಬಿಳಿಚಿಕೊಂಡು ಸಣ್ಣ ಸಣ್ಣ ಬಿರುಕು ಬಿಟ್ಟಿತು. ಎರಡು ಮಣಿಗೆ ಕಳಚಿತು.

ಇಷ್ಟರೊಳಗೆ ಹತ್ತು ದಿನ ಹೋಗಿತ್ತು, ಉಳಿದದ್ದೂ ಹತ್ತು. ದಿನಾ ಅದೇ ಮೇಜು, ಅದೇ ಇಕ್ಕಳ. ಸಂಜೆ ಮಣ್ಣಗುಡ್ಡದ ಮನೆಗೆ ನಡೆಯುವಾಗ ಎದುರು ಬಂದವರ ಭುಜಗಳನ್ನೇ ನೋಡುತ್ತಿದ್ದೆ, ದೇವರು ಎಂತ ಹಾಕಿ ಅಂಟಿಸಿದ್ದಾನೆ ಎಂದು. ಮನೆಯಲ್ಲಿ ಊಟದ ತಟ್ಟೆಯ ಮುಂದೆಯೂ ಸಿಪಾಯಿಯ ಒಂದು ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದೆ.

"ನನ್ನ ಕೈ ಮುರಿದಿದ್ರೆ ನೀವು ಇಷ್ಟು ನೋಡ್ತಿದ್ರಾ?" ಎಂದಳು ಹೆಂಡತಿ.

"ನಿನ್ನದಕ್ಕೆ ಡಾಕ್ಟ್ರಿದ್ದಾರೆ."

"ಅವರ ಹತ್ರವೇ ಇವನನ್ನೂ ಕರ್ಕೊಂಡು ಹೋಗಿ. ಮೂಗಿಗೆ ಸ್ವಲ್ಪ ಔಷಧ ನಿಮಗೂ ಕೇಳಿ. ಹಾಲು ಉಕ್ಕಿದ್ದು ಗೊತ್ತಾಗ್ಲಿಲ್ವಾ?"

ಆಮೇಲೆ, ಅನ್ನ ಬಡಿಸುತ್ತಾ, ಬೇರೆ ಸ್ವರದಲ್ಲಿ ಕೇಳಿದಳು: "ಕಾಯಂ ಆಗದಿದ್ರೆ ಎಂತ ಮಾಡುದು?" ಸಿಪಾಯಿಯ ಕೈಯನ್ನು ಜೇಬಿಗೆ ಹಾಕಿಕೊಂಡೆ. ಹಾಲಿನ ವಾಸನೆ ಆಗ ಬಂತು.

ಮಾರನೆಯ ದಿನ ಒಂದು ಅನುಮಾನ ಬಂತು. ತಪ್ಪು ಅಂಟಿನದಲ್ಲದೆ ಬಣ್ಣದ್ದೂ ಇರಬಹುದಲ್ಲ? ಭುಜದ ಗುಳಿಯಲ್ಲಿ ಬಣ್ಣ ಕೂತಿದೆ. ಅಂಟು ಹಿಡಿದದ್ದು ಬಣ್ಣವನ್ನು, ಸಿಪಾಯಿಯನ್ನಲ್ಲ. ಕಳಚಿ ಬಿದ್ದ ಕೈಗಳಲ್ಲಿ ಬಣ್ಣದ ಚಕ್ಕೆ ಅಂಟಿಕೊಂಡಿದ್ದೂ ಹೌದು. ಎಂಟು ಜನರ ಬಣ್ಣ ತೊಳೆದು ನೋಡೋಣ ಎಂದುಕೊಂಡೆ. ಬಿಜೈಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಒಂದು ಶೆಡ್ ಇತ್ತು. ಅಲ್ಲಿಯ ಪೇಂಟರನಿಂದ ಒಂದು ಬಾಟಲಿ ಥಿನ್ನರ್ ತಂದೆ. ಪಿಂಗಾಣಿ ಬಟ್ಟಲಿನಲ್ಲಿ ಎಂಟು ಜನರನ್ನು ಕೈಕಾಲು ಸಮೇತ ಮಲಗಿಸಿ, ಮುಳುಗುವಷ್ಟು ಹೊಯ್ದು, ಮೇಲೆ ತಟ್ಟೆ ಮುಚ್ಚಿ, ಚಾ ಕುಡಿಯಲು ಹೋದೆ.

ಚಾ ಕುಡಿದು ಬಂದು ತಟ್ಟೆ ತೆಗೆದೆ. ಎಂಟು ಜನ ಇರಲಿಲ್ಲ. ಬಟ್ಟಲಿನಲ್ಲಿ ಕಂದು ಬಣ್ಣದ ಒಂದು ಮುದ್ದೆ ಇತ್ತು. ಒಂದು ಕಡೆ ಅರ್ಧ ಮುಟ್ಟಾಳೆ, ಇನ್ನೊಂದು ಕಡೆ ಒಂದು ಹಿಮ್ಮಡಿ. ನಾನು ಕುರ್ಚಿಯಲ್ಲಿ ಕೂತೆ. ಆ ಹೊತ್ತಿನಲ್ಲಿ ನನಗೆ ದುಃಖ ಬಂತೆಂದು ಬರೆದರೆ ಸುಳ್ಳು. ಮನೆಗೆ ಹೋಗಿ ಮಲಗಬೇಕು ಎಂದಷ್ಟೇ ಅನ್ನಿಸಿತು.

ಮುದ್ದೆಯನ್ನು ಕಾಗದದ ಮೇಲೆ ಕವುಚಿ ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಅದು ಗಟ್ಟಿಯಾಗಿತ್ತು. ಒಬ್ಬನನ್ನಾದರೂ ಬಿಡಿಸಿಕೊಳ್ಳೋಣ ಎಂದು ಆ ಹಿಮ್ಮಡಿಯನ್ನು ಇಕ್ಕಳದಲ್ಲಿ ಹಿಡಿದು ಎಳೆದೆ. ಬರಲಿಲ್ಲ. ಕಾಲು ಕೊಟ್ಟು ಎಳೆದೆ. ಹಿಮ್ಮಡಿ ನಡುವೆ ಮುರಿಯಿತೇ ಹೊರತು ಪಕ್ಕದವನ ಬೆನ್ನನ್ನು ಬಿಡಲಿಲ್ಲ.

ನಾನು ಇಕ್ಕಳ ಕೆಳಗಿಟ್ಟೆ. ಹತ್ತು ದಿನದಿಂದ ಹುಡುಕುತ್ತಿದ್ದ ಅಂಟು ಬಟ್ಟಲಿನ ತಳದಲ್ಲಿತ್ತು.

ಮರ ಅಂಟನ್ನು ಕುಡಿಯುತ್ತದೆ, ಅದಕ್ಕೇ ಹಿಡಿಯುತ್ತದೆ. ಪ್ಲಾಸ್ಟಿಕ್ ಏನನ್ನೂ ಕುಡಿಯುವುದಿಲ್ಲ. ಅದರ ನಡುವೆ ಮೂರನೆಯವನನ್ನು ಕೂರಿಸಿ ಪ್ರಯೋಜನವಿಲ್ಲ. ಎರಡೂ ಕಡೆ ಅದನ್ನೇ ಸ್ವಲ್ಪ ಕರಗಿಸಿ ಒತ್ತಿ ಹಿಡಿದರೆ, ಥಿನ್ನರ್ ಹಾರಿಹೋಗುತ್ತದೆ, ಉಳಿಯುವುದು ಒಂದೇ ತುಂಡು. ಬಾಟಲಿ ವಾಪಸು ಕೊಡಲು ಹೋದಾಗ ಪೇಂಟರ ಕೇಳಿದ, "ಪ್ಲಾಸ್ಟಿಕ್ ಹಾಕಿದ್ರಾ? ನನ್ನ ಬಾಚಣಿಗೆ ಹೋದದ್ದೂ ಹೀಗೇ. ಮೊದ್ಲೇ ಕೇಳ್ಬೇಕಲ್ಲ ಮಾರಾಯ್ರೆ." ನಾನು ಬಾಟಲಿ ವಾಪಸು ಕೊಡಲಿಲ್ಲ, ಇನ್ನೊಂದು ತಂದೆ.

ಎರಡು ದಿನ ಅಳತೆ ಕಲಿಯಲು ಬೇಕಾಯಿತು. ಬಿಸಾಡಬೇಕಿದ್ದ ಅಚ್ಚಿನ ಕಡ್ಡಿಗಳನ್ನು ಸಣ್ಣಗೆ ಕತ್ತರಿಸಿ, ಖಾಲಿ ಶಾಯಿ ಬಾಟಲಿಯಲ್ಲಿ ಥಿನ್ನರಿಗೆ ಹಾಕಿ ಒಂದು ದಿನ ಬಿಟ್ಟರೆ ಜೇನಿನಷ್ಟು ದಪ್ಪ ಆಗುತ್ತದೆ. ಇದು ಸಂದು ದೊಡ್ಡದಿದ್ದಲ್ಲಿಗೆ. ಸಂದು ಸರಿ ಕೂತಲ್ಲಿಗೆ ಬರೀ ಥಿನ್ನರ್ ಸಾಕು. ಕೈಯನ್ನು ಭುಜಕ್ಕೆ ಒತ್ತಿ ಹಿಡಿದು, ಅತಿ ಸಪೂರದ ಬ್ರಷ್ಷಿನ ತುದಿಯನ್ನು ಸಂದಿಗೆ ತಾಗಿಸಿದರೆ ಅದು ತಾನಾಗಿ ಒಳಗೆ ಓಡುತ್ತದೆ. ಇಪ್ಪತ್ತು ಎಣಿಸುವವರೆಗೆ ಉಸಿರಾಡಬಾರದು, ಕೈ ನಡುಗುತ್ತದೆ. ಒಂದು ಬಿಂದು ಹೆಚ್ಚಾದರೆ ಎದೆಯಲ್ಲಿ ಹಳ್ಳ. ಬೆಳಿಗ್ಗೆ, ಸಂಜೆ ಹಾಕಿದರೆ ಗಾಳಿಯ ತೇವಕ್ಕೆ ಸಂದು ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದೆ, ಹಿಡಿತವೂ ಕಡಿಮೆ. ಹನ್ನೊಂದರಿಂದ ಮೂರು, ಕಿಟಕಿ ತೆರೆದು, ಬಿಸಿಲಿದ್ದರೆ ಮಾತ್ರ ಕೆಲಸ. ಎಲ್ಲಕ್ಕಿಂತ ಮೊದಲು ಎರಡೂ ಕಡೆಯ ಬಣ್ಣವನ್ನು ಬ್ಲೇಡಿನಿಂದ ಪೂರ್ತಿ ಹೆರೆದಿರಬೇಕು.

ಹೀಗೆ ಕೂಡಿಸಿದ ಒಂದು ಕೈಗೆ ನಾಲ್ಕು ಮಣಿ ಕಟ್ಟಿದೆ. ಆರು ಕಟ್ಟಿದೆ. ಹತ್ತನೆಯದಕ್ಕೆ ಕೈ ಮುರಿಯಿತು, ಮೊಣಕೈಯಲ್ಲಿ. ಭುಜ ಅಲುಗಲಿಲ್ಲ.

ಅಧಿಕಾರಿಗಳ ಮುಂದೆ ಹೋಗಿ ನಿಂತೆ. ಉಳಿದ ಮೂವತ್ತೆರಡು ಜನರನ್ನು ಹಲಗೆಯಿಂದ ಕಿತ್ತು, ಭುಜಗಳ ಬಣ್ಣ ಹೆರೆದು, ಮತ್ತೆ ಕೂಡಿಸಿ, ಮತ್ತೆ ಬಣ್ಣ ಕೊಡಬೇಕು, ಏಳು ದಿನ ಉಂಟು ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬಣ್ಣ ಪೂರ್ಣ ಎಂದು ಮೇಲಕ್ಕೆ ಬರೆದಾಗಿದೆ. ಪೂರ್ಣವಾದದ್ದು ಪುನಃ ಸುರುವಾಗುದು ಹೇಗೆ? ಏಳು ದಿನದಲ್ಲಿ ಮುಗಿಯದಿದ್ರೆ ಹಲಗೆಯ ಮೇಲೆ ಜನವೇ ಇರುದಿಲ್ಲ. ತಂತಿ ಹಾಕಿ. ತಂತಿ ಹಾಕಿದ್ರೆ ಇವತ್ತೇ ಮುಗೀತದೆ, ನಾನು ನಾಳೆಯೇ ನಿಮ್ಮ ವಿಷಯ ಬರೀತೇನೆ."

ಒಪ್ಪಿಕೊಳ್ಳುವುದು ಕಷ್ಟವಿರಲಿಲ್ಲ. ಮೇಜಿನ ಹತ್ತಿರ ಬಂದು ತಂತಿಯ ಸುರುಳಿಯನ್ನು ಕೈಗೆತ್ತಿಕೊಂಡೆ ಕೂಡ. ಪಕ್ಕದಲ್ಲೇ ಸೀಸದ ಮಣಿಗಳಿದ್ದವು. ನಾನೇನೂ ಧೀರನಲ್ಲ. ನನಗೆ ಕಂಡದ್ದು ಒಂದೇ ಚಿತ್ರ: ದೊಡ್ಡ ಸಾಹೇಬರ ಎದುರಿನಲ್ಲಿ ಆ ಮುದುಕ ಗುರಿಕಾರ ಬೆರಳು ಚಾಚಿ ಹಗ್ಗ ಮುಟ್ಟುತ್ತಾನೆ, ತಂತಿಯೆಂದು ತಿಳಿದು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾನೆ. ತಂತಿಯನ್ನು ಮೇಜಿನ ಡ್ರಾವರಿನಲ್ಲಿಟ್ಟು ಮೊದಲನೆಯವನನ್ನು ಹಲಗೆಯಿಂದ ಕಿತ್ತೆ. ಒಬ್ಬನನ್ನು ಕಿತ್ತ ಮೇಲೆ ಉಳಿದವರನ್ನು ಕೀಳದೆ ಗತಿಯಿಲ್ಲ. ನನ್ನಂಥವರು ಧೈರ್ಯ ಮಾಡುವ ಕ್ರಮ ಅದು.

ಏಳು ದಿನಗಳ ಬಗ್ಗೆ ಹೇಳಲು ಹೆಚ್ಚಿಲ್ಲ. ಅರವತ್ತನಾಲ್ಕು ಭುಜಗಳು. ಎರಡು ದಿನ ಬಿಸಿಲೇ ಬರಲಿಲ್ಲ, ಬ್ರಷ್ ಹಿಡಿದುಕೊಂಡು ಕಿಟಕಿಯ ಹತ್ತಿರ ಕೂತೆ. ಥಿನ್ನರಿನ ವಾಸನೆಗೆ ತಲೆ ದಿಮ್ಮೆನ್ನುತ್ತಿತ್ತು, ಅನ್ನಕ್ಕೂ ಕಾರಿನ ರುಚಿ. ಹೆಂಡತಿ ನನ್ನ ಅಂಗಿಯನ್ನು ಬೇರೆಯಾಗಿ ಒಗೆದಳು, ಅಷ್ಟೇ. ಸಾಲಿಗೆ ಹದಿನಾರು ಜನರಂತೆ ನಿಲ್ಲಿಸಿದೆ. ಹಲಗೆಯಲ್ಲಿ ಮೊದಲಿನ ಮೊಳೆಗಳ ತೂತು ಉಳಿದಿದ್ದವು. ಒಂದು ಸಾಲಿನ ಹಿಂದೆ ಮಾದರಿಯ ದೋಣಿಯನ್ನು ಎಳೆದು ಮುಚ್ಚಿದೆ. ಇನ್ನೊಂದು ಸಾಲಿನ ಹಿಂದಿನ ತೂತುಗಳಿಗೆ ಮುಚ್ಚಲು ಏನೂ ಇರಲಿಲ್ಲ. ಆ ಎಂಟು ಜನರ ಮುದ್ದೆಗೆ ಕಪ್ಪು ಬಳಿದು, ಬುಡಕ್ಕೆ ಸ್ವಲ್ಪ ಪಾಚಿಯ ಹಸಿರು ಕೊಟ್ಟು, ಬಂಡೆ ಎಂದು ಅಲ್ಲಿ ಕೂರಿಸಿದೆ. ಕೊನೆಗೆ ಬಿರಡೆ ತಿರುಗಿಸಿದೆ. ಹಗ್ಗ ಬಿಗಿಯಿತು. ಆ ಸಂಜೆ ಜೋರು ಮಳೆ. ಬೆಳಿಗ್ಗೆ ಬೀಗ ತೆಗೆಯುವ ಮೊದಲು ಸ್ವಲ್ಪ ಹೊತ್ತು ಬಾಗಿಲ ಹೊರಗೆ ನಿಂತೆ. ಒಳಗೆ ಮೂವತ್ತೆರಡು ಜನರೂ ಕೈ ಸಮೇತ ಇದ್ದರು.

ಪ್ರದರ್ಶನದ ದಿನ ದೊಡ್ಡ ಸಾಹೇಬರು ಬಂದರು. ಬಂದವರೇ, ಯಾರೂ ಹೇಳದೆ, ತೋರುಬೆರಳನ್ನು ಹಗ್ಗಕ್ಕೆ ಕೊಕ್ಕೆಯ ಹಾಗೆ ಸಿಕ್ಕಿಸಿ ಎಳೆದರು. ನಮ್ಮ ಅಧಿಕಾರಿಗಳು ಕಣ್ಣು ಮುಚ್ಚಿಕೊಂಡರು. ಹಗ್ಗ ವೀಣೆಯ ತಂತಿಯಂತೆ ಒಮ್ಮೆ ಮಿಡಿಯಿತು. ಯಾರೂ ಕೈ ಬಿಡಲಿಲ್ಲ.

"ಒಳ್ಳೇದಾಗಿದೆ," ಎಂದರು ದೊಡ್ಡ ಸಾಹೇಬರು. ಎರಡು ಹೆಜ್ಜೆ ಹೋಗಿ ತಿರುಗಿದರು. "ಆ ಬಂಡೆ ಮಾತ್ರ ಬಹಳ ಸಹಜವಾಗಿದೆ. ಅದಕ್ಕೆ ಬಹಳ ಶ್ರಮ ಬಿದ್ದಿರಬೇಕು."

"ಅದ್ರಲ್ಲಿ ಎಂಟು ಜನ ಇದ್ದಾರೆ ಸಾರ್," ಎಂದರು ಗುರಿಕಾರರು. ಆ ಕಥೆಯನ್ನು ನಾನೇ ಅವರಿಗೆ ಹೇಳಿದ್ದೆ. ದೊಡ್ಡ ಸಾಹೇಬರು ಅದು ಸ್ಥಳ ಪುರಾಣವೆಂದು ತಿಳಿದು ಗಂಭೀರವಾಗಿ ತಲೆ ಆಡಿಸಿದರು.

ನಮ್ಮ ಅಧಿಕಾರಿಗಳು ಮಾತು ಉಳಿಸಿಕೊಂಡರು. ಕಾಯಂ ಆದೇಶ ಬಂತು. ಅವರು ಬರೆದ ಶಿಫಾರಸಿನಲ್ಲಿ ನನ್ನ ಬಣ್ಣಗಾರಿಕೆಯ ಬಗ್ಗೆ ಎರಡು ಪುಟವಿತ್ತು. ಅಂಟಿನ ಶಬ್ದವಿರಲಿಲ್ಲ. ಅದಕ್ಕೆ ಅಂಕಣವೂ ಇರಲಿಲ್ಲವಲ್ಲ.

ಆ ವರ್ಷದ ಮೊದಲ ದೊಡ್ಡ ಬಲೆ ಬಿದ್ದ ದಿನ ಗುರಿಕಾರರು ನಮ್ಮ ಮನೆಯ ಜಗಲಿಗೆ ಬಂದು ಒಂದು ಬುಟ್ಟಿ ಇಳಿಸಿದರು. ಹೆಂಡತಿ ಎಲೆ ಸರಿಸಿ ಎಣಿಸಿದಳು. ಬಂಗುಡೆ, ನಲವತ್ತು.

"ಇಬ್ರಿಗೆ ಇಷ್ಟು ಎಂತಕ್ಕೆ ಗುರಿಕಾರ್ರೇ?"

"ಹಗ್ಗ ಹಿಡಿದವರ ಪಾಲು ಅಮ್ಮಾ. ಮೂವತ್ತೆರಡು ಜನ, ಮತ್ತೆ ಬಂಡೆಯೊಳಗೆ ಎಂಟು."

"ಅದ್ರಲ್ಲಿ ನನ್ನದೆಷ್ಟು?" ಎಂದು ಕೇಳಿದೆ.

"ನೀವು ಹಗ್ಗ ಎಲ್ಲಿ ಎಳೆದಿರಿ ಮಾಷ್ಟ್ರೇ? ನಿಮ್ಮದು ಇಲ್ಲ." ಅವರು ತಲೆವಸ್ತ್ರ ಕೊಡವಿ ಎದ್ದರು. "ಆದ್ರೆ ಅವ್ರು ಯಾರೂ ತಿನ್ನುದಿಲ್ಲ ಅಲ್ವಾ. ಹಾಳಾಗ್ತದೆ. ನೀವೇ ತಿನ್ನಿ."